ಎನಿಡ್ ಮನೆಗೆ ಫೋಮ್ ಬಂದದ್ದು

ಎನಿಡ್ ಸೈಕ್ಸ್ ಅಂಗೈ ಊರಿದಳು ಅಂದರೆ ಮುಗಿಯಿತು, ಹಾಸಿಗೆಯ ಒಳಗೆ ಏನಿದೆ ಅಂತ ಬಿಚ್ಚದೆಯೇ ಹೇಳಿಬಿಡುತ್ತಿದ್ದಳು. ಎಷ್ಟು ಸಾಲು ಸ್ಪ್ರಿಂಗು, ಮೇಲೆ ಉಣ್ಣೆಯ ಪದರವೋ ಹತ್ತಿಯ ಪದರವೋ, ಮೂಲೆಯಲ್ಲಿ ಕಾರ್ಖಾನೆಯವರು ಎಷ್ಟು ಕಂಜೂಸಿ ಮಾಡಿದ್ದಾರೆ, ಎಲ್ಲಾ. ನಮ್ಮ ಬ್ಯಾಟ್ಲಿಯಲ್ಲಿ ಇದೊಂದು ದೊಡ್ಡ ವಿದ್ಯೆಯೇನಲ್ಲ ಬಿಡಿ. ಇದು ಇಂಗ್ಲೆಂಡಿನ ಉತ್ತರದಲ್ಲಿ ಹಾಸಿಗೆ ಮಾಡುವವರ ಊರು. ಇಲ್ಲಿ ಯಾರಾದರೂ ಊಟಕ್ಕೆ ಕರೆದರೆ ನಾವು ಮೊದಲು ಅವರ ಸೋಫಾ ಒತ್ತಿ ನೋಡುತ್ತೇವೆ, ಆಮೇಲೆ ಕ್ಷೇಮ ಸಮಾಚಾರ. ಆದರೂ ಎನಿಡ್‌ಳ ಕೈಯೇ ಬೇರೆ. ಹದಿನೈದನೇ ವಯಸ್ಸಿಗೆ ಕಾರ್ಖಾನೆಗೆ ಸೇರಿದವಳು, ಮೂವತ್ತೆರಡು ವರ್ಷ ಒಂದೇ ಕೆಲಸ ಮಾಡಿದಳು. ಹಾಸಿಗೆಯ ಮೇಲಿನ ಬಟ್ಟೆಗೂ ಪಕ್ಕದ ಬಟ್ಟೆಗೂ ಅಂಚುಪಟ್ಟಿ ಕೂಡಿಸಿ ಸುತ್ತಲೂ ಹೊಲಿಯುವುದು. ಅಂಚು ಹೊಲಿದರೆ ಹಾಸಿಗೆ ಮುಚ್ಚಿದ ಹಾಗೆ, ಆಮೇಲೆ ಒಳಗಿನದನ್ನು ಯಾರೂ ನೋಡುವುದಿಲ್ಲ.

ಆ ಕಾರ್ಖಾನೆಯಲ್ಲಿ ಒಂದು ರೂಢಿ ಇತ್ತು. ಮಾಲೀಕನ ಯಂತ್ರದಲ್ಲಿ, ಮಾಲೀಕನ ಸಮಯದಲ್ಲಿ, ಅಳಿದುಳಿದ ಸಾಮಾನಿನಿಂದ ಕೆಲಸದವರು ತಮ್ಮ ಮನೆಗೆ ಏನಾದರೂ ಮಾಡಿಕೊಂಡರೆ ಅದಕ್ಕೆ 'ಪರದೇಶಿ' ಅಂತ ಹೆಸರು. ಮೇಸ್ತ್ರಿಯ ಕಣ್ಣಿಗೆ ಬಿದ್ದರೆ ಉಗಿಸಿಕೊಳ್ಳಬೇಕು. ಒಂದು ಪರದೇಶಿಗೆ ಮಾತ್ರ ಮೇಸ್ತ್ರಿಯೂ ಕುರುಡಾಗುತ್ತಿದ್ದ: ಹುಟ್ಟಲಿರುವ ಮಗುವಿನ ಮಂಚದ ಹಾಸಿಗೆ. ಅದಕ್ಕೆ ಒಬ್ಬರು ಸ್ಪ್ರಿಂಗ್ ಜೋಡಿಸುವರು, ಇನ್ನೊಬ್ಬರು ಪದರ ಕತ್ತರಿಸುವರು, ಕೊನೆಗೆ ಸಾಲಿನವರೆಲ್ಲ ಸೀಮೆಸುಣ್ಣದಿಂದ ಒಳಗಿನ ಪದರದ ಮೇಲೆ ತಮ್ಮ ತಮ್ಮ ಹೆಸರು ಬರೆಯುವರು. ಮೇಲೆ ಬಟ್ಟೆ ಹಾಕಿ ಅಂಚು ಹೊಲಿದುಬಿಟ್ಟರೆ ಹೆಸರುಗಳೆಲ್ಲ ಒಳಗೆ, ಮಗು ಮೇಲೆ. ಅಂಗಡಿಯ ಹಾಸಿಗೆಯಲ್ಲಿ ಮಗುವನ್ನು ಮಲಗಿಸುವುದು ಅಂದರೆ ನಮ್ಮವರಿಗೆ ಮದುವೆಮನೆಗೆ ಹೋಟೆಲಿನಿಂದ ಅಡುಗೆ ತರಿಸಿದಷ್ಟು ನಾಚಿಕೆ.

ತೊಂಬತ್ತೆರಡರ ಏಪ್ರಿಲ್‌ನಲ್ಲಿ ಎನಿಡ್‌ಳ ಮಗಳು ಜೂಡಿತ್ ಏಳು ತಿಂಗಳ ಬಸುರಿ. ಒಂದು ಶನಿವಾರ ತಾಯಿ ಮಗಳು ಪಕ್ಕದೂರು ಡ್ಯೂಸ್‌ಬರಿಯ ಪೇಟೆಗೆ ಹೋಗಿ ಮಗುವಿನ ಮಂಚ ಕೊಂಡರು. ಹಾಸಿಗೆ ಮಾಡಿಕೊಡುವುದು ತಾನೇ ಅಂತ ಎನಿಡ್ ಅಂದುಕೊಂಡಿದ್ದಳು. ಅಷ್ಟರಲ್ಲಿ ಜೂಡಿತ್ ಅಂಗಡಿಯ ಹಿಂಬದಿಗೆ ಹೋಗಿ ಒಂದು ಪುಟ್ಟ ಫೋಮ್ ಹಾಸಿಗೆಯನ್ನು ಎತ್ತಿಕೊಂಡು ಬಂದಳು.

"ಅಮ್ಮಾ, ನೋಡಿಲ್ಲಿ! ಒಂದೇ ಕೈಲಿ ಎತ್ಬೋದು. ಎಷ್ಟು ಹಗುರ!"

"ಹಗುರ ಇರ್ಬೇಕಾದ್ದು ಟೋಪಿ ಕಣೇ, ಹಾಸಿಗೆ ಅಲ್ಲ. ಇಟ್ಟು ಬಾ."

ಅಂಗಡಿಯವನು ಬೋಳುತಲೆಯ, ನಗುಮುಖದ ಮನುಷ್ಯ. ಮೆಲ್ಲಗೆ ನಡುವೆ ಬಾಯಿ ಹಾಕಿದ. "ಈಗ ಎಲ್ರೂ ಫೋಮೇ ಒಯ್ಯೋದು ಮೇಡಂ. ತೊಳೆಯೋಕೆ ಸುಲಭ, ಬೆಲೇನೂ ಕಮ್ಮಿ."

"ನೀವು ಮಾರೋರು, ನಾನು ಮಾಡೋಳು. ಒಂದು ನಿಮಿಷ ಸುಮ್ನಿರ್ತೀರಾ?" ಅಂದಳು ಎನಿಡ್. ಅವನು ಕುರ್ಚಿಗಳನ್ನು ಒರೆಸಲು ಹೋದ.

ಜೂಡಿತ್‌ಗೆ ಸಿಟ್ಟು ಬಂತು. "ಮೂರನೇ ಮಾಳಿಗೇಲಿರೋಳು ನಾನು. ಸೊಂಟ ಬಿದ್ದೋಗಿದೆ. ದಿನಾ ಆ ಸ್ಪ್ರಿಂಗಿನ ಭಾರ ಎತ್ತಿ ಬಟ್ಟೆ ಬದಲಾಯಿಸೋಳು ನಾನೋ ನೀನೋ? ಊರಿಗೆಲ್ಲ ಹಾಸಿಗೆ ಮಾಡೋ ನಿನಗೆ ನನ್ನ ಸೊಂಟ ಕಾಣಲ್ವಾ?"

"ಫೋಮ್ ಮೇಲೆ ನನ್ನ ಮೊಮ್ಮಗು ಮಲಗೋದಿಲ್ಲ."

"ಅದೇ ಯಾಕೆ ಅಂತ. ನಮ್ಮನೇಲಿ ಒಂದು ದಿಂಬೂ ಫೋಮಿಂದಿಲ್ಲ. ಏನು ಹಟ ನಿಂದು?"

"ಯಾಕಂದ್ರೆ ನಿಮ್ಮಣ್ಣ ಅದರ ಮೇಲೇ ಸತ್ತ."

ಅಂಗಡಿಯವನು ಒರೆಸುವುದನ್ನು ನಿಲ್ಲಿಸಿದ. ತನಗಿಂತ ಮೊದಲು ಒಂದು ಮಗು ಹುಟ್ಟಿ ಹೋಗಿತ್ತು ಎಂದು ಜೂಡಿತ್‌ಗೆ ಗೊತ್ತಿತ್ತು. ಹೆಸರು ಕೀತ್ ಅನ್ನುವುದು ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವಳು ಕೇಳಿರಲಿಲ್ಲ, ಅಪ್ಪ ಅಮ್ಮನೂ ಹೇಳಿರಲಿಲ್ಲ.

"ಅಪ್ಪನಿಗೆ ಗೊತ್ತಾ ಇದು?" ಅಂದಳು ಫೋಮ್ ಹಾಸಿಗೆಯನ್ನು ಕೆಳಗಿಟ್ಟು.

"ತಂದೋನೇ ನಿಮ್ಮಪ್ಪ."

ಆ ದಿನ ಅವರು ಹಾಸಿಗೆ ಕೊಳ್ಳದೆ ಬಸ್ಸು ಹತ್ತಿದರು.

ಜೂಡಿತ್‌ಗೆ ಹೇಳದೆ ಉಳಿದದ್ದನ್ನು ನಾನೇ ಹೇಳುತ್ತೇನೆ, ಊರಿಗೆಲ್ಲ ಗೊತ್ತಿರುವುದೇ. ಅರವತ್ತೆಂಟರಲ್ಲಿ ಎನಿಡ್‌ಳ ಗಂಡ ಕ್ಲಿಫ್ ಕಾಲುವೆ ಪಕ್ಕದ ಫೋಮ್ ಕಾರ್ಖಾನೆಯಲ್ಲಿ ಕತ್ತರಿಸುವ ಕೆಲಸಕ್ಕಿದ್ದ. ಆಗ ಫೋಮ್ ಅಂದರೆ ಹೊಸ ಬೆರಗು. ಇಪ್ಪತ್ತಾರು ವರ್ಷದ ಕ್ಲಿಫ್‌ಗೆ ತನ್ನ ಕೆಲಸದ ಮೇಲೆ ಬಲು ಹೆಮ್ಮೆ. ಎನಿಡ್‌ಳ ಗೆಳತಿಯರು ಹೆಸರು ಬರೆದು ಸ್ಪ್ರಿಂಗ್ ಹಾಸಿಗೆ ಮಾಡಿಟ್ಟಿದ್ದರೂ ಇವನು ಕೇಳಲಿಲ್ಲ. "ಆ ತಂತಿ ಗೂಡಿನ ಮೇಲೆ ನನ್ನ ಮಗನ್ನ ಮಲಗಿಸ್ತೀಯಾ? ಒಂದು ಸ್ಪ್ರಿಂಗ್ ಮುರಿದು ಚುಚ್ಚಿದ್ರೆ?" ಅಂದ. ತನ್ನ ಕೈಯಾರೆ ಫೋಮ್ ಕತ್ತರಿಸಿ, ಮಂಚಕ್ಕೆ ಒಂದು ಬೆರಳು ಸಂದಿಯೂ ಇಲ್ಲದಂತೆ ಕೂರಿಸಿ, ತಾಯಿಯ ಕೈಲಿ ಗವಸು ಹೊಲಿಸಿ ತಂದ. ಎನಿಡ್ ಗೊಣಗಿದಳು, ಆಮೇಲೆ ಒಪ್ಪಿದಳು. ಗೆಳತಿಯರ ಹಾಸಿಗೆ ಅಟ್ಟ ಸೇರಿತು.

ಹನ್ನೊಂದು ವಾರದ ಕೀತ್ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಏಳಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ಹಿಂದಿನ ದಿನ ನಕ್ಕಿದ್ದ. ವೈದ್ಯರು ಬಂದರು, ಪೊಲೀಸರೂ ಬಂದು ಹೋದರು, ಯಾರೂ ಕಾರಣ ಹೇಳಲಿಲ್ಲ. ಕಾರಣ ಬೇಕಲ್ಲ ಮತ್ತೆ? ಮನುಷ್ಯರಿಗೆ ಕಾರಣ ಇಲ್ಲದೆ ಹೇಗೆ ಆಗುತ್ತದೆ? ಮಣ್ಣು ಮಾಡಿ ಹೊರಬರುವಾಗ ಸ್ಮಶಾನದ ಗೇಟಿನಲ್ಲಿ, ಅರ್ಧ ಬ್ಯಾಟ್ಲಿ ನಿಂತು ನೋಡುತ್ತಿರುವಾಗ, ಎನಿಡ್ ಗಂಡನ ಕಡೆ ತಿರುಗಿ, "ನಿನ್ನ ಫೋಮೇ ಅವನನ್ನ ತಿಂತು" ಅಂದಳು. ಒಂದೇ ಸಲ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಎತ್ತುವ ಅಗತ್ಯ ಇರಲಿಲ್ಲ, ಊರು ಎತ್ತಿಕೊಂಡಿತ್ತು. ಕ್ಲಿಫ್ ಪಬ್ಬಿಗೆ ಬಂದರೆ ಮಾತು ತಗ್ಗುತ್ತಿತ್ತು. ಅವನು ತಿಂಗಳೊಳಗೆ ಫೋಮ್ ಕೆಲಸ ಬಿಟ್ಟು ಬಸ್ಸು ಓಡಿಸಲು ಸೇರಿದ. ಪಬ್ಬಿನ ಬದಲು ಊರಾಚೆ ತರಕಾರಿ ಬೆಳೆಯಲು ಬಾಡಿಗೆಗೆ ಹಿಡಿದಿದ್ದ ತುಂಡು ಜಮೀನಿಗೆ ಹೋಗಿ ಮಣ್ಣು ಕೆದಕುತ್ತಾ ಕೂರುತ್ತಿದ್ದ.

ಎರಡು ವರ್ಷ ಬಿಟ್ಟು ಜೂಡಿತ್ ಹುಟ್ಟಿದಳು. ಅಟ್ಟದ ಸ್ಪ್ರಿಂಗ್ ಹಾಸಿಗೆ ಕೆಳಗಿಳಿಯಿತು. ಜೂಡಿತ್ ಅದರ ಮೇಲೆ ಬೆಳೆದಳು, ಬದುಕಿದಳು. ಅಲ್ಲಿಗೆ ಎನಿಡ್‌ಳ ಲೆಕ್ಕ ಗಟ್ಟಿಯಾಯಿತು. ಅದೇ ಮನೆ, ಅದೇ ಮಂಚ, ಅದೇ ಹಾಲು, ಮಲಗಿಸಿದ್ದೂ ಅದೇ ಕೈ. ಬದಲಾದದ್ದು ಹಾಸಿಗೆ ಒಂದೇ. ಯಾರು ತಾನೇ ಇಲ್ಲ ಅಂತಾರೆ? ನಮ್ಮೂರಿನವರ ಬುದ್ಧಿಯೇ ಹಾಗೆ. ಹಾಸಿಗೆಯೊಳಗೆ ಏನಿದೆ ಅಂತ ನೋಡುತ್ತೇವೆ. ಮೇಲೆ ಮಲಗಿರುವವರು ಹೇಗೆ ಮಲಗಿದ್ದಾರೆ ಅಂತ ನೋಡಲು ನಮಗೆ ಯಾರೂ ಸಂಬಳ ಕೊಟ್ಟಿರಲಿಲ್ಲ.

ಅಂಗಡಿಯ ಜಗಳದ ನಂತರ ಜೂಡಿತ್‌ಗೆ ಫೋಮ್ ಬೇಕು ಅಂತ ಹೇಳುವ ಧೈರ್ಯ ಇನ್ನೆಲ್ಲಿಯದು? ಎನಿಡ್ ಮುಂದಿನ ವಾರವೇ ಪರದೇಶಿ ಹಾಸಿಗೆಗೆ ಕೈ ಹಚ್ಚಿದಳು. ಅಷ್ಟೊಂದು ಜಾಗರೂಕತೆಯಿಂದ ಅವಳು ರಾಜಮನೆತನದ ಹಾಸಿಗೆಯನ್ನೂ ಹೊಲಿಯುತ್ತಿರಲಿಲ್ಲ. ಪಕ್ಕದ ಯಂತ್ರದ ಬೆರಿಲ್, ಊರಿನ ಬಾಯಿ ಅಂತಲೇ ಹೆಸರಾದವಳು, ತನ್ನ ಹೆಸರು ಎಲ್ಲರಿಗಿಂತ ದೊಡ್ಡದಾಗಿ ಬರೆದಳು.

"ಪಾಪ, ಕೂಸಿಗೆ ಕಣ್ಣು ಬಿಟ್ಟ ತಕ್ಷಣ ನಿನ್ನ ಹೆಸರೇ ಕಾಣ್ಲಿ ಅಂತಾನಾ?" ಅಂತ ಎನಿಡ್ ರೇಗಿಸಿದಳು.

"ನಿನ್ನ ಮುಸುಡಿ ನೋಡೋದಕ್ಕಿಂತ ವಾಸಿ ಬಿಡೇ," ಅಂದಳು ಬೆರಿಲ್. ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಬೆರಿಲ್ ಬಗ್ಗಿ, ಎನಿಡ್‌ಗೆ ಮಾತ್ರ ಕೇಳುವ ಹಾಗೆ, "ಒಳ್ಳೇದಾಯ್ತು ಕಣೇ. ಈ ಸಲ ನಿನ್ನ ಗಂಡನ ಕೈ ಬೀಳ್ಲಿಲ್ಲ," ಅಂದಳು. ಎನಿಡ್ ಅಂಚು ಹೊಲಿದು ಮುಗಿಸಿದಳು.

ಹಾಸಿಗೆಯನ್ನು ಜೂಡಿತ್‌ಳ ಮನೆಗೆ ಒಯ್ದ ದಿನ ಅಲ್ಲಿ ಮಿಸೆಸ್ ಬೆಕ್‌ಫರ್ಡ್ ಇದ್ದಳು. ಬಸುರಿ ಬಾಣಂತಿಯರ ಮನೆಮನೆಗೆ ಬರುವ ಸರ್ಕಾರದ ದಾದಿ. ಜಮೈಕಾದಿಂದ ಬಂದು ಮೂವತ್ತು ವರ್ಷ ನಮ್ಮೂರಿನ ಮಕ್ಕಳನ್ನು ತೂಗಿದವಳು. ಮೂರು ಮಾಳಿಗೆ ಹತ್ತಿ ಏದುಸಿರು ಬಿಡುತ್ತಿದ್ದ ಎನಿಡ್ ಹಾಸಿಗೆಯನ್ನು ಮಂಚದಲ್ಲಿ ಕೂರಿಸಿದಳು. ದಾದಿ ಅಂಗೈ ಊರಿ ಒತ್ತಿದಳು, ಸುತ್ತಲೂ ಬೆರಳು ಹಾಕಿ ಸಂದಿ ನೋಡಿದಳು.

"ಒಳ್ಳೆ ಗಟ್ಟಿಯಾಗಿದೆ. ಚಪ್ಪಟೆಯಾಗಿದೆ. ಸಂದಿ ಇಲ್ಲ. ಯಾವ ಅಂಗಡೀದು?"

"ಅಂಗಡೀದಲ್ಲ, ನಮ್ದು," ಅಂದಳು ಎನಿಡ್, ಮಗಳ ಕಡೆ ಒಂದು ನೋಟ ಬೀರಿ. "ಸ್ಪ್ರಿಂಗಿಂದು. ನೀವೇ ಹೇಳಿ ಇವಳಿಗೆ, ಫೋಮ್ ಮೇಲೆ ಮಕ್ಕಳನ್ನ ಮಲಗಿಸ್ಬಾರ್ದು ಅಂತ."

"ಹಾಗೇನಿಲ್ಲಮ್ಮ. ಫೋಮಾದ್ರೂ ಸರಿ, ಸ್ಪ್ರಿಂಗಾದ್ರೂ ಸರಿ. ಗಟ್ಟಿ ಇರ್ಬೇಕು, ಮಂಚಕ್ಕೆ ಸರಿಯಾಗಿ ಕೂರ್ಬೇಕು. ಅಷ್ಟಿದ್ರೆ ಯಾವುದಾದ್ರೂ ಒಂದೇ." ಮಿಸೆಸ್ ಬೆಕ್‌ಫರ್ಡ್ ಜೂಡಿತ್ ಕಡೆ ತಿರುಗಿದಳು. "ನೋಡು ಮಗಳೇ, ಮುಖ್ಯವಾದ್ದು ಬೇರೆ ಇದೆ. ಮಗೂನ ಅಂಗಾತ ಮಲಗಿಸ್ಬೇಕು. ಬೆನ್ನ ಮೇಲೆ. ಬೋರಲು ಬೇಡವೇ ಬೇಡ."

ಎನಿಡ್ ನಕ್ಕುಬಿಟ್ಟಳು. "ಅಂಗಾತಾನಾ? ಹಾಲು ಕಕ್ಕಿ ಉಸಿರು ಕಟ್ಟಿದ್ರೆ?"

"ನಾವೂ ಹಾಗೇ ಅಂದ್ಕೊಂಡಿದ್ವಿ. ಹಾಗಾಗೋದಿಲ್ಲ. ಹೋದ ಡಿಸೆಂಬರ್‌ನಲ್ಲಿ ದೇಶಕ್ಕೆಲ್ಲ ಹೇಳಿದಾರೆ, ಟೀವೀಲೂ ಬಂತು. ಮಲಗಿದಲ್ಲೇ ಹೋಗಿಬಿಡ್ತಿದ್ವಲ್ಲ ಮಕ್ಕಳು, ಅದರಲ್ಲಿ ಬೋರಲು ಮಲಗಿದವೇ ಜಾಸ್ತಿ. ಎಲ್ಲದಕ್ಕೂ ಅದೇ ಕಾರಣ ಅಂತ ಯಾರೂ ಹೇಳೋಕಾಗಲ್ಲ. ಆದ್ರೆ ಅಂಗಾತ ಮಲಗಿಸೋಕೆ ಶುರು ಮಾಡಿದ ಕಡೆ ಸಾವು ಇಳೀತಾ ಇದೆ. ತುಂಬಾ ಇಳೀತಾ ಇದೆ."

ಎನಿಡ್ ಮಂಚದ ಕಂಬಿ ಹಿಡಿದುಕೊಂಡಳು. ಕೀತ್ ಹುಟ್ಟಿದಾಗ ಅವಳ ತಾಯಿ ಹೇಳಿದ್ದಳು, ಕೂಸು ಸೂರು ನೋಡುತ್ತಾ ಮಲಗಬೇಕು ಕಣೇ ಅಂತ. ಎನಿಡ್ ಬೈದಿದ್ದಳು, ನಿನ್ನ ಕಾಲದ ಮಾತು ನಿನ್ನ ಹತ್ತಿರವೇ ಇಟ್ಟುಕೋ, ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದಾರೆ ಅಂತ. ತಾಯಿಗೂ ಮುಟ್ಟಲು ಬಿಡದೆ, ಕ್ಲಿಫ್‌ಗೂ ಬಿಡದೆ, ದಿನವೂ ತಾನೇ ಬೋರಲು ಮಲಗಿಸಿ, ಕೆನ್ನೆ ಒಂದು ಕಡೆ ತಿರುಗಿಸಿ, ಬೆನ್ನು ತಟ್ಟಿ ಬರುತ್ತಿದ್ದಳು. ಜೂಡಿತ್‌ಳನ್ನೂ ಹಾಗೆಯೇ ಮಲಗಿಸಿದ್ದಳು. ಜೂಡಿತ್ ಬದುಕಿದ್ದು ಹಾಸಿಗೆಯಿಂದಲ್ಲ, ಅದೃಷ್ಟದಿಂದ.

"ನನಗೆ ಬೋರಲು ಮಲಗಿಸೋದು ಕಲಿಸಿದ್ದು ನಿಮ್ಮಂಥ ಒಬ್ಬ ದಾದೀನೇ," ಅಂದಳು.

ಮಿಸೆಸ್ ಬೆಕ್‌ಫರ್ಡ್ ಒಮ್ಮೆ ಜೂಡಿತ್‌ಳ ಮುಖ ನೋಡಿದಳು, ಒಮ್ಮೆ ಎನಿಡ್‌ಳ ಮುಖ ನೋಡಿದಳು. ಯಾರೂ ಹೇಳದೆಯೇ ಅವಳಿಗೆ ತಿಳಿಯಿತು. "ನಾನೂ ನೂರಾರು ತಾಯಂದಿರಿಗೆ ಅದೇ ಕಲಿಸಿದೀನಿ. ನನ್ನ ಎರಡು ಮಕ್ಕಳನ್ನೂ ಹಾಗೇ ಮಲಗಿಸಿದ್ದೆ. ತಪ್ಪು ಹೇಳಿಕೊಟ್ಟೋರು ನಾವಮ್ಮ. ನೀವು ಹೇಳಿದ್ದು ಕೇಳಿದ್ರಿ, ಅಷ್ಟೇ."

ಒಳ್ಳೆಯ ಮಾತೇ. ಆದರೆ ಎನಿಡ್‌ಳ ತಲೆಯಲ್ಲಿ ಆಗ ದಾದಿಯೂ ಇರಲಿಲ್ಲ, ಆಸ್ಪತ್ರೆಯೂ ಇರಲಿಲ್ಲ. ಸ್ಮಶಾನದ ಗೇಟಿನಲ್ಲಿ ತಲೆ ತಗ್ಗಿಸಿ ನಿಂತಿದ್ದ ಇಪ್ಪತ್ತಾರು ವರ್ಷದ ಒಬ್ಬ ಹುಡುಗ ಇದ್ದ. ಇಪ್ಪತ್ನಾಲ್ಕು ವರ್ಷ ಅವನು ಒಂದು ಮಾತು ತಿರುಗಿ ಆಡಿರಲಿಲ್ಲ. "ನಿಮ್ಮಪ್ಪನ ಹತ್ರ ಹೋಗ್ಬೇಕು," ಅಂತ ಮಗಳಿಗೆ ಹೇಳಿ, ಕೋಟು ಮರೆತು ಮೆಟ್ಟಿಲಿಳಿದಳು.

ಬೆಳಗಿನ ಪಾಳಿ ಮುಗಿಸಿದ ಕ್ಲಿಫ್ ತನ್ನ ತರಕಾರಿ ಜಮೀನಿನಲ್ಲಿ ರೂಬಾರ್ಬ್ ಗಿಡದ ಕೆಂಪು ಹುಳಿದಂಟು ಕೀಳುತ್ತಿದ್ದ. ಎನಿಡ್ ಅಲ್ಲಿಗೆ ಬಂದವಳೇ ಅಲ್ಲ. ಅವಳು ಕೋಟಿಲ್ಲದೆ ಕೆಸರಿನಲ್ಲಿ ನಡೆದು ಬರುವುದನ್ನು ಕಂಡು ಅವನು ಗಾಬರಿಯಾಗಿ ಎದ್ದ.

"ಏನಾಯ್ತು? ಜೂಡಿತ್‌ಗೆ ಏನಾದ್ರೂ..."

"ಅವಳು ಚೆನ್ನಾಗಿದಾಳೆ. ಕ್ಲಿಫ್, ಫೋಮಿಂದಲ್ಲ ಅದು. ಕೀತ್ ಹೋಗಿದ್ದು ಫೋಮಿಂದಲ್ಲ. ಬೋರಲು ಮಲಗಿಸ್ಬಾರ್ದಿತ್ತಂತೆ. ಮಲಗಿಸಿದ್ದು ನಾನು. ದಿನಾ ನಾನೇ."

ಕ್ಲಿಫ್ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. "ಯಾರು ಹೇಳಿದ್ರು ನಿಂಗೆ?" ಅಂದ. ಅದರಲ್ಲಿ ಆಶ್ಚರ್ಯ ಇರಲಿಲ್ಲ, ಬೇಸರವಿತ್ತು. ಎನಿಡ್‌ಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಿನಗೆ ಗೊತ್ತಿತ್ತು."

"ಕ್ರಿಸ್‌ಮಸ್‌ಗೆ ಮುಂಚೆ. ಬಸ್ಸಲ್ಲಿ ಯಾರೋ ಬಿಟ್ಟುಹೋದ ಪೇಪರಲ್ಲಿತ್ತು."

"ನಾಲ್ಕು ತಿಂಗಳು! ಒಂದು ಮಾತು ಹೇಳ್ಬಾರ್ದಿತ್ತಾ? ಊರೆಲ್ಲ ನಿನ್ನನ್ನ ಮಗೂನ ಕೊಂದೋನ ಥರ ನೋಡ್ತಾ ಇದೆ. ನಾನು ನೋಡ್ದೆ! ನಾನು!"

"ಹೇಳಿ ಏನ್ ಮಾಡ್ಲಿ ಎನಿಡ್? ನನ್ನ ಮೇಲಿದ್ದದ್ದನ್ನ ತೆಗೆದು ನಿನ್ನ ಮೇಲೆ ಹಾಕ್ಲಾ? ನನಗೆ ಹೊತ್ತು ಅಭ್ಯಾಸ ಆಗೋಗಿದೆ. ಅದು ಎಷ್ಟು ಭಾರ ಅಂತ ನನಗೆ ಗೊತ್ತು. ನಿನಗೆ ಬೇಡ ಅಂದ್ಕೊಂಡೆ. ಜೂಡಿತ್‌ಗೆ ಹೇಗೂ ದಾದಿ ಹೇಳ್ತಾಳೆ. ಹೇಳ್ದೆ ಇದ್ರೆ ನಾನೇ ಅವಳಿಗೆ ಗುಟ್ಟಾಗಿ ಹೇಳೋನಿದ್ದೆ."

ಎನಿಡ್ ರೂಬಾರ್ಬ್ ಗಿಡಗಳ ನಡುವೆ ಹಾಗೆಯೇ ಕುಸಿದು ಕೂತು ಅತ್ತಳು. ಮಗನಿಗಾಗಿ ಅವಳು ತುಂಬಾ ಅತ್ತಿದ್ದಳು, ಗಂಡನಿಗಾಗಿ ಅತ್ತದ್ದು ಅದೇ ಮೊದಲು. ಕ್ಲಿಫ್ ಪಕ್ಕದಲ್ಲಿ ಕೂತು, ಏನು ಮಾಡಬೇಕೋ ತಿಳಿಯದೆ, ಅವಳ ಬೆನ್ನ ಮೇಲೆ ಮಣ್ಣಿನ ಕೈ ಇಟ್ಟ.

"ನರ್ಸ್ ಹೇಳಿದ್ದು ನೀನು ಮಾಡ್ದೆ. ನನಗೆ ಒಳ್ಳೇದು ಅನ್ಸಿದ್ದು ನಾನು ತಂದೆ. ಇಬ್ರೂ ಅವನಿಗೆ ಒಳ್ಳೇದಾಗ್ಲಿ ಅಂತ್ಲೇ ಮಾಡಿದ್ವಿ ಕಣೇ," ಅಂದ.

ಜೂನ್‌ನಲ್ಲಿ ಜೂಡಿತ್‌ಗೆ ಹೆಣ್ಣುಮಗು ಹುಟ್ಟಿತು. ಬ್ರಯೋನಿ ಅಂತ ಹೆಸರಿಟ್ಟರು. ಮಗು ಅಜ್ಜಿಯ ಸ್ಪ್ರಿಂಗ್ ಹಾಸಿಗೆಯ ಮೇಲೆ, ಮೂವತ್ತು ಹೆಂಗಸರ ಹೆಸರುಗಳ ಮೇಲೆ, ಅಂಗಾತ ಮಲಗಿ ಸೂರು ನೋಡಿತು. ಜೂಡಿತ್ ಸೊಂಟ ಹಿಡಿದುಕೊಂಡು ಹಾಸಿಗೆಯ ಭಾರಕ್ಕೆ ದಿನವೂ ಶಾಪ ಹಾಕಿದಳು, ಆದರೆ ಬದಲಾಯಿಸಲಿಲ್ಲ.

ಸೆಪ್ಟೆಂಬರ್‌ನಲ್ಲಿ ಜೂಡಿತ್ ಮತ್ತೆ ಕೆಲಸಕ್ಕೆ ಹೊರಟಳು. ವಾರಕ್ಕೆ ಮೂರು ದಿನ ಮಗು ಅಜ್ಜಿಯ ಮನೆಯಲ್ಲಿ. ಇನ್ನೊಂದು ಮಂಚ ಬೇಕು, ಇನ್ನೊಂದು ಹಾಸಿಗೆ ಬೇಕು. ಕಾರ್ಖಾನೆಯಲ್ಲಿ ಬೆರಿಲ್ ಆಗಲೇ ಸ್ಪ್ರಿಂಗ್ ತೆಗೆದಿರಿಸಿ ಸೀಮೆಸುಣ್ಣ ಹುಡುಕುತ್ತಿದ್ದಳು. ಎನಿಡ್ ಬೇಡ ಅಂದಳು. ಮನೆಗೆ ಬಂದು ಗಂಡನಿಗೆ, "ಶನಿವಾರ ನನ್ನ ಜೊತೆ ಪೇಟೆಗೆ ಬಾ. ಫೋಮ್ ಹಾಸಿಗೆ ತರ್ಬೇಕು. ನೀನೇ ಆರಿಸ್ಬೇಕು," ಅಂದಳು.

"ನನ್ನ ಕೈಲಾಗಲ್ಲ."

"ಸ್ಪ್ರಿಂಗ್ ಆದ್ರೆ ನಾನು ನೋಡ್ತೀನಿ. ಫೋಮ್ ನನಗೆ ತಿಳಿಯಲ್ಲ. ನಿನಗೆ ತಿಳಿಯುತ್ತೆ."

"ಬೇಡ ಎನಿಡ್. ಅದನ್ನ ಮುಟ್ಟಿ ಇಪ್ಪತ್ನಾಲ್ಕು ವರ್ಷ ಆಯ್ತು."

"ಅದಕ್ಕೇ ಬಾ ಅಂತಿರೋದು."

ಶನಿವಾರ ಅವನು ಬಂದ. ಅಂಗಡಿಯಲ್ಲಿ ಮೂರು ಫೋಮ್ ಹಾಸಿಗೆಗಳನ್ನು ಸಾಲಾಗಿ ಇಟ್ಟರು. ಕ್ಲಿಫ್ ತುಂಬ ಹೊತ್ತು ಜೇಬಿನಲ್ಲಿ ಕೈಯಿಟ್ಟುಕೊಂಡೇ ನಿಂತಿದ್ದ. ಬೋಳುತಲೆಯ ಅಂಗಡಿಯವನು ಏನೋ ಹೇಳಲು ಬಾಯಿ ತೆರೆದವನು ಎನಿಡ್‌ಳ ಮುಖ ಕಂಡು ಮುಚ್ಚಿಕೊಂಡ. ಕೊನೆಗೆ ಕ್ಲಿಫ್ ಕೈ ಹೊರತೆಗೆದ. ಮೊದಲನೆಯದನ್ನು ಒತ್ತಿದ, "ಮೆತ್ತಗಿದೆ, ಬೇಡ" ಅಂದ. ಎರಡನೆಯದರ ಮೂಲೆ ಹಿಂಡಿ ಬಿಟ್ಟು ಅದು ಎಷ್ಟು ಬೇಗ ಮೇಲೇಳುತ್ತದೆ ಅಂತ ನೋಡಿದ, ಇಲ್ಲವೆಂದು ತಲೆಯಾಡಿಸಿದ. ಮೂರನೆಯದನ್ನು ಮಂಡಿಯೂರಿ, ತಲೆಯ ಕಡೆಯಿಂದ ಕಾಲಿನ ಕಡೆಯವರೆಗೆ, ಒಂದು ಅಂಗುಲವೂ ಬಿಡದೆ ಎರಡು ಅಂಗೈಯಲ್ಲಿ ಒತ್ತುತ್ತಾ ಹೋದ. ಅವನ ಕೈ ಎಷ್ಟು ಬಲ್ಲದು ಅನ್ನುವುದನ್ನು ಎನಿಡ್ ಮರೆತೇಬಿಟ್ಟಿದ್ದಳು. "ಇದು," ಅಂದ ಅವನು.

ಬ್ಯಾಟ್ಲಿಯಲ್ಲಿ ಬಸ್ಸಿಳಿದು ಮಾರುಕಟ್ಟೆಯ ಚೌಕ ದಾಟುವಾಗ ಬೆರಿಲ್ ಎದುರಾದಳು. ಚೀಲದ ತುಂಬ ತರಕಾರಿ, ಜೊತೆಗೆ ಕಾರ್ಖಾನೆಯ ಇನ್ನಿಬ್ಬರು ಹೆಂಗಸರು. ಕ್ಲಿಫ್‌ನ ಕಂಕುಳಲ್ಲಿದ್ದದ್ದು ಏನು ಅಂತ ತಿಳಿಯಲು ಅವಳು ಒತ್ತಿ ನೋಡಬೇಕಾಗಿರಲಿಲ್ಲ.

"ಏನೇ ಎನಿಡ್ ಇದು? ಫೋಮಾ? ನಿನ್ನ ಮನೆಗೆ?"

ಕ್ಲಿಫ್ ನೆಲ ನೋಡಿದ. ಇಪ್ಪತ್ನಾಲ್ಕು ವರ್ಷ ನೋಡಿದ ಹಾಗೆಯೇ ನೋಡಿದ.

"ಹೌದು ಕಣೇ, ಫೋಮೇ," ಅಂದಳು ಎನಿಡ್, ಚೌಕದ ಆ ತುದಿಗೂ ಕೇಳುವಂತೆ. "ನನ್ನ ಗಂಡ ಆರಿಸಿದ್ದು. ಕೀತ್‌ಗೂ ಅವನು ತಂದದ್ದು ಒಳ್ಳೆ ಹಾಸಿಗೇನೇ ಆಗಿತ್ತು. ಗಟ್ಟಿಯಾಗಿತ್ತು, ಒಂದು ಬೆರಳು ಸಂದಿ ಇರ್ಲಿಲ್ಲ. ಮಗೂನ ಬೋರಲು ಮಲಗಿಸ್ತಿದ್ದೋಳು ನಾನು. ಆವತ್ತು ಗೇಟಲ್ಲಿ ನಾನಂದದ್ದು ತಪ್ಪು, ಬೆರಿಲ್. ಹೋಗು, ಊರಿಗೆಲ್ಲ ಹೇಳು."

ಬೆರಿಲ್ ಚೀಲವನ್ನು ಪಕ್ಕಕ್ಕೆಳೆದುಕೊಂಡು ದಾರಿ ಬಿಟ್ಟಳು. ಅವಳ ಜನ್ಮದಲ್ಲಿ ಅದೊಂದೇ ಸಲ ಇರಬೇಕು. ಎನಿಡ್ ಗಂಡನ ತೋಳು ಹಿಡಿದುಕೊಂಡಳು. ಅವಳಿಗೆ ಹಿಡಿಯಲು ಏನಾದರೂ ಬೇಕಿತ್ತು. ಕ್ಲಿಫ್ ಹಾಸಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡ. ಅವನ ಮುಖ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಇಬ್ಬರೂ ಚೌಕದ ನಡುವಿನಿಂದಲೇ ಮನೆಯ ಕಡೆ ನಡೆದರು.